27.97 ಅಂದ ಗಾಡಿ 19 ಕೊಟ್ಟರೆ ಕೆಟ್ಟಿದೆ ಅಂತನಾ?

ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೆ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟರೂ ಇರೋ ಕಾರು) ಲೀಟರಿಗೆ 27.97 ಕಿಮೀ ಮೈಲೇಜ್ ಅಂತಾರೆ, ಫ್ಯಾಮಿಲಿ ಜೊತೆ ಮೈಸೂರಿಗೆ ಹೋದಾಗ ಬರೀ 19 ಬಂತು, ಸರ್ವೀಸಿಗೆ ಬಿಡಬೇಕಾ ಅಂತ ಕೇಳಿದ್ದೀರಿ. ಬೇಡ ಸರ್, ಗಾಡಿ ಸರಿಯಾಗೇ ಇದೆ.

ಆ 27.97 ಲ್ಯಾಬಿನ ರೋಲರ್ ಮೇಲೆ ಬಂದ ಅಂಕಿ. ಸುಮಾರು 20 ನಿಮಿಷದ ಓಟ, ಎಸಿ ಆಫ್, ವೇಗ 90 ದಾಟೋದಿಲ್ಲ. ನೀವು ಐದು ಜನ, ಡಿಕ್ಕಿ ತುಂಬಾ ಲಗೇಜು, ಎಸಿ ಹಾಕ್ಕೊಂಡು ಎಕ್ಸ್‌ಪ್ರೆಸ್‌ವೇಲಿ 100ರಲ್ಲಿ ಹೋಗಿದ್ದೀರಿ. 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆಯೇ ಒಂದೂವರೆ ಪಟ್ಟು ದಾಟುತ್ತೆ.

ಇನ್ನು ಹೈಬ್ರಿಡ್ ಸ್ವಭಾವವೇ ಉಲ್ಟಾ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ತುಂಬುತ್ತೆ, ಇಂಜಿನ್ ಅರ್ಧ ಹೊತ್ತು ಮಲಗಿರುತ್ತೆ. (ಟ್ರಾಫಿಕ್ಕಿಂದ ಲಾಭ ಆಗೋದು ಇದೊಂದಕ್ಕೇ!) ಹೈವೇಲಿ ಬ್ರೇಕೇ ಒತ್ತಲ್ಲ, ಪೆಟ್ರೋಲೇ ಗತಿ.

ಒಂದೇ ಟ್ರಿಪ್ ನೋಡಿ ತೀರ್ಮಾನ ಮಾಡಬೇಡಿ. ಬಂಕಲ್ಲಿ ನಾಝಲ್ ತಾನಾಗೇ ಕಟ್ ಆಗೋವರೆಗೆ ಹಾಕಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. 400 ಕಿಮೀ ಆದಮೇಲೆ ಅದೇ ಬಂಕು, ಅದೇ ಪಂಪು, ಮೊದಲನೇ ಕಟ್‌ಗೇ ನಿಲ್ಲಿಸಿ. ಹುಡುಗ ರೌಂಡ್ ಫಿಗರ್ ಮಾಡ್ತೀನಿ ಅಂದ್ರೆ ಒಪ್ಪಬೇಡಿ, ಲೆಕ್ಕ ಕೆಡೋದೇ ಅಲ್ಲಿ. ನಮ್ಮನೆ ಗಾಡಿ ಹೋದ ಸಲ 412 ಕಿಮೀಗೆ 18.9 ಲೀಟರ್ ಕುಡೀತು, 21.8 ಆಯ್ತು. ಟೈರ್ ಗಾಳಿ ಬೆಳಿಗ್ಗೆ, ತಣ್ಣಗಿದ್ದಾಗ ಚೆಕ್ ಮಾಡಿಸಿ.