ಹಾಡು ಯಾರದ್ದು, ದುಡ್ಡು ಯಾರಿಗೆ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಮೇಲಿವೆ: ಪುಕ್ಕಟೆ ಹಾಡು. ಗಂಟಲು ಕಟ್ಟಿದರೆ ಏನು ಮಾಡಬೇಕು, ಮಗುವಿಗೆ ಯಾವ ವಯಸ್ಸಿಗೆ ಸಂಗೀತ ಶುರು ಮಾಡಿಸಬೇಕು ಎಂದು ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಹಾಸ್ಟೆಲ್ ಹುಡುಗರೆಲ್ಲ ಒಂದು ಟೆಲಿಗ್ರಾಮ್ ಚಾನೆಲ್‌ನಿಂದ ಹಾಡು ಇಳಿಸಿಕೊಳ್ಳುತ್ತೇವೆ. ರೂಮ್‌ಮೇಟ್ ಇದು ಕಳ್ಳತನ ಅಂತಾನೆ. ಹಾಡಿದವರಿಗೆ ಕಂಪನಿಯವರು ಹೇಗೂ ಏನೂ ಕೊಡಲ್ಲ, ನಷ್ಟ ಆಗೋದು ಕಂಪನಿಗೆ ತಾನೇ ಅಂತ ನಾನು. ನೀವು ಹಾಡುಗಾರರು. ನೀವೇ ಹೇಳಿ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ನಿನ್ನ ಮಾತಿನಲ್ಲಿ ಅರ್ಧ ನಿಜ ಇದೆ. ತೊಂಬತ್ತರ ದಶಕದಲ್ಲಿ ನಾನು ಭಕ್ತಿಗೀತೆ ಕ್ಯಾಸೆಟ್‌ಗಳಿಗೆ ಕೋರಸ್ ಹಾಡುತ್ತಿದ್ದೆ. ಕೆಲವಕ್ಕೆ ಟ್ರ್ಯಾಕ್ ಹಾಡಿದ್ದೂ ಉಂಟು. ದೊಡ್ಡ ಗಾಯಕರು ಬಂದು ಹಾಡುವ ತನಕ ಅವರ ಜಾಗದಲ್ಲಿ ನಮ್ಮ ದನಿ ಇರುತ್ತಿತ್ತು, ಆಮೇಲೆ ಅಳಿಸುತ್ತಿದ್ದರು. ಬೆಳಿಗ್ಗೆ ಸ್ಟುಡಿಯೋ ಹೊಕ್ಕರೆ ರಾತ್ರಿ ಹೊರಗೆ. ವೋಚರ್ ಮೇಲೆ ರೆವೆನ್ಯೂ ಸ್ಟಾಂಪ್, ಅದರ ಮೇಲೆ ಸಹಿ, ಕೈಗೊಂದು ಕವರು. ಲೆಕ್ಕ ಅಲ್ಲಿಗೆ ಚುಕ್ತಾ. ಆ ಕ್ಯಾಸೆಟ್ಟು ಆಮೇಲೆ ಎಷ್ಟು ಜಾತ್ರೆಗಳಲ್ಲಿ ಮೈಕ್‌ನಲ್ಲಿ ಕೂಗಿತೋ, ಎಷ್ಟು ಬಸ್ಸುಗಳಲ್ಲಿ ಓಡಿತೋ, ನಮಗೆ ಬಿಡಿಗಾಸೂ ಇಲ್ಲ. ಒಂದು ಕಂಪನಿಯವರಂತೂ ಕೋರಸ್‌ನವರ ಹೆಸರು ಹಾಕಲು ಕವರ್ ಮೇಲೆ ಜಾಗ ಇಲ್ಲ ಎಂದರು. ಅದೇ ಕವರ್ ಮೇಲೆ ಊದುಬತ್ತಿ ಜಾಹೀರಾತಿಗೆ ಜಾಗ ಇತ್ತು.

ಇನ್ನು ಉಳಿದರ್ಧ. ಕಂಪನಿ ನನಗೆ ಕೊಟ್ಟದ್ದು ಕಡಿಮೆ. ನೀನು ಕೊಟ್ಟದ್ದು ಸೊನ್ನೆ. ನನ್ನ ಹೆಸರು ಹೇಳಿ ನೀನು ದುಡ್ಡು ಉಳಿಸಿಕೊಂಡರೆ ನನಗೇನು ಬಂತು?

ನಿನ್ನ ವಾದ ಹಳೆಯದು. 1999ರಲ್ಲಿ ಅಮೆರಿಕದಲ್ಲಿ ಶಾನ್ ಫ್ಯಾನಿಂಗ್ ಎಂಬ, ಕಾಲೇಜು ಬಿಟ್ಟ ಹುಡುಗ ನ್ಯಾಪ್‌ಸ್ಟರ್ ಶುರು ಮಾಡಿದ. ನನ್ನ ಕಂಪ್ಯೂಟರಿನಲ್ಲಿರುವ ಎಂಪಿ3 ನೀನು ಇಳಿಸಿಕೋ, ನಿನ್ನದು ನಾನು ಇಳಿಸಿಕೊಳ್ಳುತ್ತೇನೆ, ಅಷ್ಟೇ. ಆಗಲೂ ಜನ ‘ಕಂಪನಿಗಳೇ ಕಳ್ಳರು’ ಎಂದರು. ಸುಮ್ನೆ ಹೇಳಿದ ಮಾತಲ್ಲ ಅದು. ಐದು ದೊಡ್ಡ ಕಂಪನಿಗಳು ಸಿಡಿ ಬೆಲೆ ಇಳಿಯದಂತೆ ಅಂಗಡಿಗಳ ಕೈ ಕಟ್ಟಿಹಾಕಿವೆ ಎಂದು 2000ದಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನೇ ಹೇಳಿತು. ಇದರ ಮೇಲೆ ಅಲ್ಲಿನ ರಾಜ್ಯಗಳು ಹೂಡಿದ ಮೊಕದ್ದಮೆ 2002ರಲ್ಲಿ ರಾಜಿಯಾಯಿತು. ಕಂಪನಿಗಳು ಮತ್ತು ಅಂಗಡಿಯವರು 6 ಕೋಟಿ 74 ಲಕ್ಷ ಡಾಲರ್ ನಗದು ಕಕ್ಕಿದರು, ಸಿಡಿಗಳನ್ನು ಬೇರೆ ಹಂಚಬೇಕಾಯಿತು. ಅಷ್ಟರಲ್ಲಿ ನ್ಯಾಪ್‌ಸ್ಟರ್ ಕೋರ್ಟಿನಲ್ಲಿ ಸೋತು 2001ರ ಜುಲೈನಲ್ಲಿ ನಿಂತುಹೋಗಿತ್ತು. ಆದರೆ ಒಂದು ಗಮನಿಸು. ಹಂಚಿಕೊಳ್ಳೋಣ ಎನ್ನುತ್ತಿದ್ದ ನ್ಯಾಪ್‌ಸ್ಟರ್‌ನ ಬೆನ್ನಿಗೂ ಹೂಡಿಕೆದಾರರ ಕೋಟಿಗಟ್ಟಲೆ ಹಣ ಇತ್ತು. ನಿಮ್ಮ ಚಾನೆಲ್‌ನಲ್ಲಿ ಹಾಡಿನ ನಡುವೆ ಬೆಟ್ಟಿಂಗ್ ಆ್ಯಪ್ ಜಾಹೀರಾತು ಬರುತ್ತಾ? ಹೋಗಿ ನೋಡು. ಬರುತ್ತಿದ್ದರೆ ಅಲ್ಲೂ ಒಬ್ಬ ಮಾಲೀಕ ಕೂತಿದ್ದಾನೆ. ಅವನು ವೋಚರ್ ಕೂಡ ಕೊಡುವುದಿಲ್ಲ.

ಇನ್ನೊಂದು ವಿಷಯ. ಸಿನಿಮಾ ಹಾಡಿನ ಹಕ್ಕೆಲ್ಲ ನಿರ್ಮಾಪಕರದ್ದೇ ಎಂಬಂತೆ 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಯಿತು. ಆಗ ರಾಜ್ಯಸಭೆಯಲ್ಲಿದ್ದ ಹಿಂದಿ ಚಿತ್ರಗೀತೆಕಾರ ಜಾವೇದ್ ಅಖ್ತರ್ ಅದಕ್ಕಾಗಿ ಗಟ್ಟಿ ದನಿ ಎತ್ತಿದ್ದರು. ಈಗ ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಬರೆದವರಿಗೆ, ಸ್ವರ ಹಾಕಿದವರಿಗೆ ಸಮಪಾಲು ಇದೆ. ಅದನ್ನು ಕಂಪನಿಗೆ ಬರೆದುಕೊಡುವಂತೆಯೂ ಇಲ್ಲ. ಆದರೆ ಹಾಡು ಲೆಕ್ಕಕ್ಕೆ ಸಿಗುವ ಕಡೆ ಕೇಳಿದರೆ ತಾನೇ ಪಾಲು? ನಿಮ್ಮ ಚಾನೆಲ್‌ನಲ್ಲಿ ಸಾವಿರ ಸಲ ಕೇಳಿದರೂ ಕವಿಯ ಖಾತೆಗೆ ಅದು ಒಂದು ಸಲವೂ ಅಲ್ಲ. ರೂಮ್‌ಮೇಟ್ ‘ಕಳ್ಳತನ’ ಎಂದದ್ದು ಸ್ವಲ್ಪ ಜಾಸ್ತಿಯಾಯಿತು. ಆದರೂ ಗೆದ್ದವನು ಅವನೇ.

ಪ್ರಶ್ನೆ: ನಾವು ಇಪ್ಪತ್ತು ವರ್ಷಕ್ಕೂ ಮೇಲೆ ನ್ಯೂಜೆರ್ಸಿಯಲ್ಲಿದ್ದೇವೆ. ಹಿಂದೆ ಇಲ್ಲಿ ಹಾಡು ಇಳಿಸಿಕೊಂಡ ಸಾಮಾನ್ಯ ಜನರ ಮೇಲೆ ಕಂಪನಿಗಳು ಕೇಸು ಹಾಕಿದ್ದವು. ತಪ್ಪು ಮಾಡಿದವರು ಅನುಭವಿಸಲಿ ಅಂತಾರೆ ನಮ್ಮ ಮನೆಯವರು. ನನಗೆ ಅದು ಅತಿ ಅನ್ನಿಸುತ್ತದೆ. ಈ ವಿಷಯಕ್ಕೆ ಊಟದ ಹೊತ್ತಲ್ಲಿ ಜಗಳ ಆಗಿದೆ.
— ಒಬ್ಬ ಗೃಹಿಣಿ, ನ್ಯೂಜೆರ್ಸಿ

ಉತ್ತರ: ನಾನು ನಿಮ್ಮ ಕಡೆ. ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ 2003ರ ಸೆಪ್ಟೆಂಬರಿನಲ್ಲಿ ಮೊದಲ ಕಂತಿನಲ್ಲೇ 261 ಜನರ ಮೇಲೆ ಕೇಸು ಹಾಕಿತು. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಹುಡುಗಿಯೂ ಇದ್ದಳು. ಅವಳ ತಾಯಿ 2,000 ಡಾಲರ್ ಕೊಟ್ಟು ಬಿಡಿಸಿಕೊಂಡರು. ಮಿನೆಸೋಟದ ಒಬ್ಬ ಹೆಂಗಸಿಗೆ 24 ಹಾಡಿಗಾಗಿ ಜ್ಯೂರಿ 2007ರಲ್ಲಿ 2,22,000 ಡಾಲರ್ ದಂಡ ಹಾಕಿತು. ಮರುವಿಚಾರಣೆಯಲ್ಲಿ ಅದು 19 ಲಕ್ಷ 20 ಸಾವಿರಕ್ಕೆ ಏರಿತು. ಅಂದರೆ ಹಾಡೊಂದಕ್ಕೆ 80,000 ಡಾಲರ್! ಅದೇ ಹೊತ್ತಿಗೆ ಐಟ್ಯೂನ್ಸ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಹಾಡೊಂದಕ್ಕೆ ಹೆಚ್ಚುಕಡಿಮೆ ಒಂದು ಡಾಲರ್. ಕೊನೆಗೆ ಮೇಲಿನ ಕೋರ್ಟು ಮೊದಲಿನ 2,22,000ವನ್ನೇ ಉಳಿಸಿತು.

ತಪ್ಪಿಗೂ ಶಿಕ್ಷೆಗೂ ಒಂದು ಅಳತೆ ಬೇಡವೇ? ಬೆಂಡೆಕಾಯಿ ಕಿತ್ತವನಿಗೆ ತೋಟದ ಬೆಲೆ ಕೇಳಿದ ಹಾಗಾಯಿತು. ಸುಮಾರು 35 ಸಾವಿರ ಜನರನ್ನು ಹೀಗೆ ಹಿಡಿದ ಮೇಲೆ, 2008ರ ಕೊನೆಯಲ್ಲಿ ಆ ಸಂಘವೇ ಇನ್ನು ಹೊಸ ಕೇಸು ಸಾಮೂಹಿಕವಾಗಿ ಹಾಕುವುದಿಲ್ಲ ಎಂದಿತು. ಇಳಿಸಿಕೊಳ್ಳುವುದೇನೂ ನಿಂತಿರಲಿಲ್ಲ. ನಮ್ಮ ದೇಶದ ಕಂಪನಿಗಳು ಕೇಳುಗರ ಬೆನ್ನು ಹತ್ತುವ ಬದಲು ಸೈಟುಗಳ ಹಿಂದೆ ಬಿದ್ದವು. 2012ರಲ್ಲಿ ಕಲ್ಕತ್ತಾ ಹೈಕೋರ್ಟಿನಿಂದ 104 ಸೈಟುಗಳನ್ನು ತಡೆಯುವ ಆದೇಶ ತಂದವು. ಅದು ಸರಿಯಾದ ದಾರಿ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ, ಆದರೆ ಊಟ ಆದ ಮೇಲೆ.

ಪ್ರಶ್ನೆ: ನಾನು ತಿಂಗಳು ತಿಂಗಳು ದುಡ್ಡು ಕಟ್ಟಿ ಆ್ಯಪ್‌ನಲ್ಲಿ ಹಾಡು ಕೇಳುತ್ತೇನೆ. ಹೆಚ್ಚಾಗಿ ಕನ್ನಡ ಭಾವಗೀತೆಗಳನ್ನೇ. ನನ್ನ ದುಡ್ಡು ಆ ಗಾಯಕರಿಗೆ ಹೋಗುತ್ತದೆ ಅಲ್ವಾ?
— ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ನೀವು ಅಂದುಕೊಂಡ ಹಾಗೆ ಹೋಗಲ್ಲ. ಸ್ಪಾಟಿಫೈಯಂಥ ಆ್ಯಪ್‌ಗಳಲ್ಲಿ ಎಲ್ಲರ ದುಡ್ಡೂ ಒಂದೇ ಗಂಟಿಗೆ ಸೇರುತ್ತದೆ. ಕಂಪನಿ ತನ್ನ ಪಾಲು ತೆಗೆದುಕೊಳ್ಳುತ್ತದೆ. ಮಿಕ್ಕದ್ದನ್ನು ಒಟ್ಟು ಕೇಳಿಕೆಯಲ್ಲಿ ಯಾವ ಹಾಡಿನ ಪಾಲು ಎಷ್ಟು ಎಂದು ನೋಡಿ ಹಕ್ಕುದಾರರಿಗೆ ಹಂಚುತ್ತಾರೆ. ನೀವು ತಿಂಗಳಿಡೀ ಭಾವಗೀತೆ ಮಾತ್ರ ಕೇಳಿದರೂ ನಿಮ್ಮ ದುಡ್ಡಿನ ದೊಡ್ಡ ಪಾಲು ಎಲ್ಲರೂ ಕೇಳುವ ಸಿನಿಮಾ ಹಾಡಿಗೇ ಹೋಗುತ್ತದೆ. ಜೊತೆಗೆ 2024ರಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಸಾವಿರ ಸಲವಾದರೂ ಕೇಳದ ಹಾಡಿಗೆ ರೆಕಾರ್ಡಿಂಗ್ ಬಾಬ್ತಿನಲ್ಲಿ ಏನೂ ಇಲ್ಲ. ಸಣ್ಣ ಊರಿನ ಹಾಡುಗಾರರಿಗೆ ಇದು ಹೊಡೆತ.

ಹಾಗಂತ ದುಡ್ಡು ಕಟ್ಟುವುದು ಬಿಡಬೇಡಿ. ಕಡಿಮೆಯಾದರೂ ಲೆಕ್ಕ ಇರುವ ಜಾಗ ಅದು. ಅದರ ಜೊತೆ ವರ್ಷಕ್ಕೊಮ್ಮೆಯಾದರೂ ಟಿಕೆಟ್ ತಗೊಂಡು ಒಂದು ಕಛೇರಿಗೆ ಹೋಗಿ. ಪಾಸ್ ಸಿಗುತ್ತಾ ಅಂತ ವಿಚಾರಿಸುವ ಬ್ಯಾಂಕಿನವರು ನನಗೆ ಬೇಕಾದಷ್ಟು ಜನ ಗೊತ್ತು!

ಪ್ರಶ್ನೆ: ನನ್ನ ಹತ್ತಿರ ಎಂಬತ್ತರ ದಶಕದ ಒಂದು ಪೆಟ್ಟಿಗೆ ಕ್ಯಾಸೆಟ್‌ಗಳಿವೆ. ಕೆಲವು ಕಂಪನಿಗಳು ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಅಳಿಯ ಅವನ್ನು ಕಂಪ್ಯೂಟರಿಗೆ ಹಾಕಿಕೊಡುತ್ತಾನಂತೆ. ಹಾಕಿಸಿ ಸ್ನೇಹಿತರಿಗೆ ಕಳಿಸಬಹುದೇ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೇಷ್ಟ್ರೇ, ಮೊದಲು ಹಾಕಿಸಿ. ಟೇಪಿಗೆ ಬೂಸ್ಟು ಹಿಡಿಯುವುದು ನಿಮ್ಮ ಮಳೆಗಾಲದಲ್ಲಿ ತಡ ಆಗಲ್ಲ. ನಿಮ್ಮ ಕ್ಯಾಸೆಟ್ಟನ್ನು ನೀವೇ ಕೇಳಲು ಪ್ರತಿ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ. ಸ್ವಂತ ಬಳಕೆಗೆ ನ್ಯಾಯವಾದಷ್ಟಕ್ಕೆ ಕಾಯ್ದೆಯೇ ದಾರಿ ಬಿಟ್ಟಿದೆ.

ಕಳಿಸುವ ವಿಷಯಕ್ಕೆ ಬಂದರೆ ಕಾನೂನು ಬಿಗಿ. ರೆಕಾರ್ಡಿಂಗ್‌ನ ಹಕ್ಕು, ಅದು ಬಿಡುಗಡೆಯಾದ ವರ್ಷ ಕಳೆದು 60 ವರ್ಷ ಇರುತ್ತದೆ. 1960ರ ಗ್ರಾಮಫೋನ್ ತಟ್ಟೆಯದು 2020ರ ಕೊನೆಗೆ ಮುಗಿಯಿತು. ನಿಮ್ಮ 1985ರ ಕ್ಯಾಸೆಟ್ಟಿನದು 2045ರ ತನಕ. ಸಾಹಿತ್ಯ ಮತ್ತು ಸ್ವರದ ಲೆಕ್ಕ ಬೇರೆ, ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಹಕ್ಕುದಾರರೇ ಪತ್ತೆ ಇಲ್ಲದಿದ್ದರೆ ಅರ್ಜಿ ಹಾಕಿ ಪರವಾನಗಿ ಕೇಳಬಹುದು ಎಂದು 31ಎ ಕಲಂ ಹೇಳುತ್ತದೆ. ಆದರೆ ಅದಕ್ಕೆ ಮೊದಲು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಸಾಗರದ ಮೇಷ್ಟ್ರು ಒಂದು ಕೋಲಾಟದ ಕ್ಯಾಸೆಟ್ಟಿಗೆ ಇಂಗ್ಲಿಷ್ ಪೇಪರಿನಲ್ಲಿ ಜಾಹೀರಾತು ಕೊಡುವುದನ್ನು ನೆನೆಸಿಕೊಳ್ಳಿ!

ಇದು ಕಾನೂನಾಯಿತು. ನನ್ನನ್ನು ಕೇಳಿದರೆ, ಎಲ್ಲೂ ಮಾರಾಟಕ್ಕಿಲ್ಲದ, ಯಾವ ಆ್ಯಪ್‌ನಲ್ಲೂ ಇಲ್ಲದ ಹಾಡನ್ನು ನಾಲ್ಕು ಜನ ಸ್ನೇಹಿತರಿಗೆ ಕೇಳಿಸಿದರೆ ಯಾರ ಹೊಟ್ಟೆಯ ಮೇಲೂ ಹೊಡೆದ ಹಾಗಲ್ಲ. ಆ್ಯಪ್‌ನಲ್ಲಿ ಇರುವುದನ್ನು ಮಾತ್ರ ಕಳಿಸಬೇಡಿ, ಅಲ್ಲೇ ಕೇಳಿ ಅನ್ನಿ.

ಒಂದು ಷರತ್ತು. ಕವರ್ ಒಳಗಿನ ಕಾಗದದ ಎರಡೂ ಬದಿ ಫೋಟೋ ತೆಗೆದು ಹಾಡಿನ ಜೊತೆಗೇ ಇಡಿ. ಫೈಲಿನ ಹೆಸರು ‘ಟ್ರ್ಯಾಕ್ 04’ ಅಂತ ಬೇಡ. ಕವಿ, ಸ್ವರ ಹಾಕಿದವರು, ಹಾಡಿದವರು, ತಬಲ, ಕೊಳಲು, ಕೋರಸ್ ಎಲ್ಲ ಬರೆಯಿಸಿ. ಪುಕ್ಕಟೆ ಹಾಡಿನ ಓಡಾಟದಲ್ಲಿ ದುಡ್ಡಿಗಿಂತ ಮೊದಲು ಕಳೆದುಹೋಗುವುದು ಹೆಸರು. ಹೆಸರಿಗೆ ಕಾನೂನಿನಲ್ಲೂ ಬೆಲೆ ಇದೆ. ಸಿನಿಮಾದಲ್ಲಿ ಸಣ್ಣಪುಟ್ಟ ಕೆಲಸ ಮಾಡಿ ಎಲ್ಲೂ ಹೆಸರು ಹಾಕಿಸಿಕೊಳ್ಳದವರನ್ನು ಈಗಿನ ಕಾಯ್ದೆ ಬಹುಮಟ್ಟಿಗೆ ಕಲಾವಿದರೆಂದೇ ಎಣಿಸುವುದಿಲ್ಲ. ಊದುಬತ್ತಿಗೆ ಜಾಗ ಕೊಟ್ಟವರಿಗೆ ಇದು ಗೊತ್ತಿತ್ತೋ ಏನೋ!

ಪ್ರಶ್ನೆ: ನಾನು ಮೊಬೈಲ್ ಅಂಗಡಿ ಇಟ್ಟಿದ್ದೇನೆ. ಹಳ್ಳಿಯಿಂದ ಬಂದವರಿಗೆ ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗೆ ಹಾಡು ತುಂಬಿಸಿಕೊಡುತ್ತೇನೆ. ಹಾಡಿಗಲ್ಲ, ನನ್ನ ಟೈಮಿಗೆ ದುಡ್ಡು ತಗೊಳ್ತೀನಿ. ಇದು ಸರಿ ತಾನೇ?
— ಕೊಪ್ಪಳ ಜಿಲ್ಲೆಯ ಓದುಗ

ಉತ್ತರ: ಇಲ್ಲಪ್ಪ. ಖಾಲಿ ಕಾರ್ಡಿಗೆ ನಿನ್ನ ಟೈಮ್ ಯಾರೂ ಕೊಳ್ಳಲ್ಲ. ಕಾಪಿರೈಟ್ ಕಾಯ್ದೆಯ 63ನೇ ಕಲಂ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಕೋರ್ಟು ಶಿಕ್ಷೆ ಇಳಿಸಬಹುದು, ಆದರೆ ಅದು ವ್ಯಾಪಾರದ ಲಾಭಕ್ಕೆ ಮಾಡದವರಿಗೆ. 2014ರಲ್ಲಿ ನಮ್ಮ ರಾಜ್ಯದ ಗೂಂಡಾ ಕಾಯ್ದೆಯೊಳಗೂ ‘ಡಿಜಿಟಲ್ ಅಪರಾಧಿ’ಗಳನ್ನು, ಅಂದರೆ ವ್ಯಾಪಾರಕ್ಕಾಗಿ ಹಾಡು, ಸಿನಿಮಾ ನಕಲು ಮಾಡುವವರನ್ನು, ಸೇರಿಸಿದ್ದಾರೆ. ಅದು ಅತಿ ಅಂತ ನಾನೂ ಹೇಳುತ್ತೇನೆ, ಆದರೆ ಪೊಲೀಸರು ನನ್ನನ್ನು ಕೇಳಿ ಬರಲ್ಲ. ಬಂದವರ ಫೋನಿಗೆ ಕಾನೂನುಬದ್ಧ ಆ್ಯಪ್ ಹಾಕಿಕೊಟ್ಟು, ನೆಟ್ ಇಲ್ಲದಾಗಲೂ ಕೇಳುವಂತೆ ಉಳಿಸಿಕೊಳ್ಳುವುದು ಹೇಗೆಂದು ತೋರಿಸು. ಅದಕ್ಕೆ ಟೈಮಿನ ದುಡ್ಡು ಧಾರಾಳವಾಗಿ ತಗೋ.

ಪ್ರಶ್ನೆ: ಅಕ್ಕಾ, ನೀವು ಕೋರಸ್ ಹಾಡಿದ ಒಂದು ಕ್ಯಾಸೆಟ್ಟು ಪೂರ್ತಿ ಯೂಟ್ಯೂಬಿನಲ್ಲಿದೆ. ಯಾರೋ ಹಾಕಿದ್ದಾರೆ. ತೆಗೆಸಲ್ವಾ?
— ನಿಮ್ಮ ಹಳೇ ಶಿಷ್ಯೆ, ಶಿವಮೊಗ್ಗ

ಉತ್ತರ: ನೋಡಿದ್ದೇನೆ ಕಣೇ. ತೆಗೆಸುವ ಹಕ್ಕು ರೆಕಾರ್ಡಿಂಗ್ ಕೊಂಡವರದ್ದು, ವೋಚರ್‌ಗೆ ಸಹಿ ಹಾಕಿದ ನನ್ನದಲ್ಲ. ಆ ಕಂಪನಿ ಈಗಿಲ್ಲ, ಹಾಡು ಬೇರೆಲ್ಲೂ ಸಿಗುವುದಿಲ್ಲ. ಇರಲಿ ಬಿಡು. ಕೊಳಲು ನುಡಿಸಿದವರ ಹೆಸರು ತಪ್ಪಾಗಿತ್ತು, ತಿದ್ದಿ ಎಂದು ಕೆಳಗೆ ಬರೆದೆ. ಎರಡೇ ದಿನದಲ್ಲಿ ತಿದ್ದಿದರು. ಜಾಹೀರಾತಿನಿಂದ ಬರುವ ದುಡ್ಡಿನಲ್ಲಿ ಹಾಡಿದವರಿಗೂ ಪಾಲುಂಟೇ ಎಂದೂ ಕೇಳಿದ್ದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.