ಓದುಗರ ಪ್ರಶ್ನೆ: ಅಸಾಂಟೆ ರಾಜ್ಯದ ಕಥೆ ಕನ್ನಡದಲ್ಲಿ ಬರೆಯೋರಿಗೆ

ಪ್ರಶ್ನೆ: ಮೇಡಂ ನಮಸ್ಕಾರ, ನಾನು ಬಂಗಾರಪೇಟೆಯವನು, ನಮ್ಮ ತಾತ ಕೆಜಿಎಫ್ ಗಣೀಲಿ ಕೆಲಸ ಮಾಡ್ದೋರು, ಹಂಗಾಗಿ ಚಿನ್ನದ ಕಥೆ ಅಂದ್ರೆ ಚಿಕ್ಕಂದಿನಿಂದ್ಲೂ ಹುಚ್ಚು. ಈಗ ಪಶ್ಚಿಮ ಆಫ್ರಿಕಾದ ಅಸಾಂಟೆ ರಾಜ್ಯದ ಮೇಲೆ, ಅಂದ್ರೆ ಇವತ್ತಿನ ಘಾನಾ ಕಡೆ, ಕಾದಂಬರಿ ಬರೀತಿದ್ದೀನಿ, ಕಾಲ 1800ರ ಆಸುಪಾಸು. ರಾಜ ಸಾಯ್ತಾನೆ, ಮಗನಿಗೆ ಬರಬೇಕಾದ ಪಟ್ಟ ರಾಜನ ಅಕ್ಕನ ಮಗ ಕಿತ್ಕೊಳ್ತಾನೆ, ಮಗ ಸೈನ್ಯ ಕಟ್ಕೊಂಡು ಬಂದು ಗೆದ್ದು ಚಿನ್ನದ ಪೀಠದ ಮೇಲೆ ಕೂರ್ತಾನೆ. ಓದಿದ ಫ್ರೆಂಡ್ಸೆಲ್ಲ ಇದು ನಮ್ಮ ಪಾಳೇಗಾರರ ಕಥೆ ಇದ್ದಂಗೇ ಇದೆ ಅಂತಾರೆ. ಎಲ್ಲಿ ಎಡವಿದ್ದೀನಿ?

ಉತ್ತರ: ಬುಡದಲ್ಲೇ. ಅಸಾಂಟೆ ಜನರಲ್ಲಿ ಕುಲ ನಡೆಯೋದು ತಾಯಿ ಕಡೆಯಿಂದ, ಪಟ್ಟ ಹೋಗೋದು ರಾಜನ ಒಡಹುಟ್ಟಿದ ತಮ್ಮನಿಗೋ ಅಕ್ಕತಂಗಿಯ ಮಗನಿಗೋ, ಅದೂ ರಾಜಮಾತೆ ಹೆಸರು ಸೂಚಿಸಿ ದೊಡ್ಡೋರೆಲ್ಲ ಒಪ್ಪಿದ್ಮೇಲೆ. ಅಂದ್ರೆ ನೀವು ಯಾರನ್ನ ಖಳನಾಯಕ ಮಾಡಿದ್ದೀರೋ ಅವನೇ ಹಕ್ಕುದಾರ, ನಿಮ್ಮ ನಾಯಕನೇ ದಂಗೆಕೋರ! ತುಳುನಾಡಿನ ಅಳಿಯ ಸಂತಾನ ಪದ್ಧತಿ ಗೊತ್ತಿರೋ ಕನ್ನಡಿಗರಿಗೆ ಇದು ತಕ್ಷಣ ಅರ್ಥ ಆಗುತ್ತೆ, ಅದಕ್ಕೇ ಹೇಳ್ತೀನಿ ಈ ಕಾದಂಬರಿ ಕನ್ನಡದಲ್ಲಿ ಬಂದ್ರೆ ಚೆನ್ನಾಗಿರುತ್ತೆ, ಬಿಡಬೇಡಿ.

ಇನ್ನು ಆ ಚಿನ್ನದ ಪೀಠ. ಅದರ ಮೇಲೆ ಯಾರೂ ಕೂರಲ್ಲ, ರಾಜನೂ ಕೂರಲ್ಲ. ಇಡೀ ಜನಾಂಗದ ಜೀವ ಅದರೊಳಗಿದೆ ಅನ್ನೋದು ಅವರ ನಂಬಿಕೆ. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ರಾಜಧಾನಿ ಕುಮಾಸಿಗೆ ಬಂದು, ಆ ಪೀಠ ಎಲ್ಲಿ, ನಮ್ಮ ರಾಣಿಯ ಪ್ರತಿನಿಧಿಯಾದ ನನ್ನನ್ನ ಅದರ ಮೇಲೆ ಯಾಕೆ ಕೂರಿಸಿಲ್ಲ ಅಂತ ಕೇಳಿದ್ದಕ್ಕೇ ಯುದ್ಧ ಶುರುವಾಯ್ತು, ಮುಂದೆ ನಿಂತು ನಡೆಸಿದ್ದು ಎಜಿಸು ಊರಿನ ರಾಜಮಾತೆ ಯಾ ಅಸಾಂಟೆವಾ. ಹಂಗಿರುವಾಗ ನಿಮ್ಮ ನಾಯಕ ಗೆದ್ದು ಬಂದು ಅದರ ಮೇಲೆ ಕೂತ ಅಂದ್ರೆ ಅಲ್ಲಿನ ಕಣ್ಣಿಗೆ ಅದು ಅನಾಹುತ.

ನನ್ನ ಸಲಹೆ ಏನಂದ್ರೆ ಅರಮನೆ ಸ್ವಲ್ಪ ಪಕ್ಕಕ್ಕಿಟ್ಟು ಒಂದು ಮನೆಯಿಂದ ಶುರು ಮಾಡಿ. ಅಲ್ಲಿ ಮದುವೆಯಾದ ಎಷ್ಟೋ ಹೆಂಗಸರು ತಮ್ಮ ತಾಯಿ ಮನೇಲೇ ಇರ್ತಿದ್ರು, ಗಂಡ ಅವನ ಕುಲದ ಮನೇಲಿ. ಹೊತ್ತು ಮುಳುಗೋ ಟೈಮಿಗೆ ಮಕ್ಕಳು ಅಮ್ಮ ಮಾಡಿದ ಅಡುಗೆ ಹೊತ್ಕೊಂಡು ಬೀದಿ ದಾಟಿ ಅಪ್ಪನ ಮನೆಗೆ ಕೊಟ್ಟು ಬರೋವು, 1940ರ ದಶಕದಲ್ಲಿ ಅಲ್ಲಿಗೆ ಹೋದ ಸಂಶೋಧಕರು ಕೂಡ ಇದನ್ನ ಕಣ್ಣಾರೆ ನೋಡಿ ಬರೆದಿದ್ದಾರೆ. ಹತ್ತು ವರ್ಷದ ಒಂದು ಹುಡುಗಿ ತಲೆ ಮೇಲೆ ಬಿಸಿ ಪಾತ್ರೆ ಹೊತ್ಕೊಂಡು ಹೋಗ್ತಿದ್ದಾಳೆ ಅಂದ್ಕೊಳ್ಳಿ, ಅಪ್ಪನಿಗೆ ಇವಳ ಮೇಲೆ ಪ್ರಾಣ, ಇವಳಿಗೆ ಹೆಸರಿಟ್ಟಿದ್ದೂ ಅವನೇ, ಆದ್ರೆ ಅವನು ಸತ್ತರೆ ಕುಲದ ಆಸ್ತಿ ಅವನ ಅಕ್ಕನ ಮಕ್ಕಳಿಗೆ, ಇವಳಿಗೂ ಇವಳ ತಮ್ಮನಿಗೂ ದಿಕ್ಕು ಸೋದರಮಾವ. ಪ್ರೀತಿ ಒಂದು ಮನೇಲಿ, ಹಕ್ಕು ಇನ್ನೊಂದು ಮನೇಲಿ. ಇದಕ್ಕಿಂತ ದೊಡ್ಡ ಯುದ್ಧ ನಿಮ್ಮ ಕಾದಂಬರಿಗೆ ಬೇಕಾ?

ಚಿನ್ನದ ಬಗ್ಗೆ ನೀವು ಒಂದೇ ಪ್ಯಾರಾ ಬರೆದು ಮುಂದಕ್ಕೆ ಹೋಗಿದ್ದು ನನಗೆ ನಿಜವಾಗ್ಲೂ ಬೇಜಾರಾಯ್ತು, ಕೆಜಿಎಫ್ ಮೊಮ್ಮಗ ನೀವು! ನಮ್ಮಲ್ಲಿ ಬಂಡೆ ಕೊರೆದು ಮೂರು ಕಿಲೋಮೀಟರಿಗೂ ಆಳ ಇಳಿದ್ರು, ಅಲ್ಲಿ ಹೊಳೆ ಮರಳು ಜಾಲಿಸೋದು, ಕೈಯಲ್ಲೇ ತೋಡಿದ ಗುಂಡಿಗಳು, ಜಾಲಿಸೋರಲ್ಲಿ ಹೆಂಗಸರೇ ಜಾಸ್ತಿ. ಸಿಕ್ಕ ಚಿನ್ನದ ಪುಡಿಯೇ ಅವರ ದುಡ್ಡು. ಸಂತೆಗೆ ಹೋಗೋ ವ್ಯಾಪಾರಿ ಹತ್ರ ಪುಟ್ಟ ತಕ್ಕಡಿ, ಪುಡಿ ಎತ್ತೋಕೆ ಹಿತ್ತಾಳೆ ಚಮಚ, ಆಮೇಲೆ ಮೇಣದ ಅಚ್ಚಲ್ಲಿ ಎರಕ ಹೊಯ್ದ ಹಿತ್ತಾಳೆ ತೂಕದ ಬಟ್ಟುಗಳು, ಒಂದು ಹಕ್ಕಿ, ಒಂದು ಮೊಸಳೆ, ಒಂದು ಮೀನು, ಎಷ್ಟೋ ಬೊಂಬೆಗಳ ಹಿಂದೆ ಒಂದೊಂದು ಗಾದೆ. ಕೊಡೋನೂ ತೂಗ್ತಾನೆ, ತಗೊಳೋನೂ ತನ್ನ ಬಟ್ಟುಗಳಿಂದ ಮತ್ತೆ ತೂಗ್ತಾನೆ, ಜಗಳ ಅಲ್ಲೇ ಹುಟ್ಟುತ್ತೆ. ಒಂದು ಇಡೀ ಅಧ್ಯಾಯ ಕೊಡಿ ಇದಕ್ಕೆ.

ಇನ್ನೊಂದು ಮಾತು, ಗುಲಾಮರನ್ನ ಬಿಡಬೇಡಿ. ಯುದ್ಧದಲ್ಲಿ ಸೆರೆ ಸಿಕ್ಕೋರು ಆ ಮನೆಗಳಲ್ಲೂ ಇದ್ರು, ಕರಾವಳಿಯಲ್ಲಿದ್ದ ಯುರೋಪಿನೋರ ಕೋಟೆಗಳಿಗೆ ಮಾರಾಟಕ್ಕೂ ಹೋದ್ರು, ಆ ಕಡೆಯಿಂದ ಬಂದೂಕು ಬಂತು. ರಾಜ್ಯದ ವೈಭವ ಮಾತ್ರ ಬರೆದು ಇದನ್ನ ಮುಚ್ಚಿಟ್ರೆ ನಾನಂತೂ ಒಪ್ಪಲ್ಲ.

ಪ್ರಶ್ನೆ: ಅಕ್ಕಾ, ನಾನು ಶಿಡ್ಲಘಟ್ಟದವಳು, ನಮ್ಮ ಮನೇಲಿ ರೇಷ್ಮೆ ನೂಲು ತೆಗೆಯೋ ಕೆಲಸ. ಅಸಾಂಟೆ ರಾಜರು ರೇಷ್ಮೆ ಬಟ್ಟೆ ಉಡ್ತಿದ್ರು ಅಂತ ಓದಿದೆ, ಅಲ್ಲಿ ರೇಷ್ಮೆ ಹುಳ ಸಾಕ್ತಿದ್ರಾ? ಒಂದು ಸಣ್ಣಕಥೆಗೆ ಬೇಕಿತ್ತು.

ಉತ್ತರ: ಇಲ್ಲ ತಂಗಿ, ರಾಜರ ಬಟ್ಟೆಯ ರೇಷ್ಮೆ ಬಂದಿದ್ದು ಹಡಗಲ್ಲಿ. ಯುರೋಪಿನ ವ್ಯಾಪಾರಿಗಳು ಕರಾವಳಿಗೆ ತಂದ ರೇಷ್ಮೆ ಬಟ್ಟೆನ ಕೊಂಡು, ನೇಯ್ದಿರೋದನ್ನ ಎಳೆ ಎಳೆಯಾಗಿ ಬಿಚ್ಚಿ, ಆ ನೂಲನ್ನ ತಮ್ಮ ಮಗ್ಗಕ್ಕೆ ಹಾಕ್ತಿದ್ರು, 1730ರ ದಶಕದಲ್ಲೇ ಅಲ್ಲಿಗೆ ಹೋದ ಡೆನ್ಮಾರ್ಕಿನೋರು ಇದನ್ನ ನೋಡಿದ್ರು. ನೇಯೋರು ಗಂಡಸರು. ಪಟ್ಟಿ ಅಗಲ ನಾಕು ಇಂಚಿನಷ್ಟೇ, ಅಂಥಾ ಪಟ್ಟಿಗಳನ್ನ ಪಕ್ಕಪಕ್ಕ ಹೊಲಿದ್ರೆ ಮೈಮೇಲೆ ಹೊದೆಯೋ ಕೆಂಟೆ ಬಟ್ಟೆ ಆಗುತ್ತೆ, ಕುಮಾಸಿ ಹತ್ರ ಬೊನ್‌ವಿರೆ ಊರು ಇವತ್ತಿಗೂ ಇದಕ್ಕೆ ಫೇಮಸ್. ನೂಲು ಬಿಚ್ಚೋ ಆ ಕೈಗಳ ಬಗ್ಗೆ ಬರೀಬೇಕಂದ್ರೆ ನಿಮಗಿಂತ ಸರಿಯಾದೋರು ಯಾರಿದ್ದಾರೆ, ಬಿಸಿನೀರಲ್ಲಿ ಗೂಡಿನ ಎಳೆ ಹುಡುಕೋ ಬೆರಳು ನಿಮ್ಮನೇಲೇ ಇದೆ.

ಪ್ರಶ್ನೆ: ತುಮಕೂರಿಂದ ಬರೀತಿದ್ದೀನಿ. ಅವರೂ ಮುದ್ದೆ ತಿಂತಾರಂತೆ ಹೌದಾ? 1800ರ ಕಥೇಲಿ ಊಟಕ್ಕೆ ಏನೇನು ಬಡಿಸಬಹುದು?

ಉತ್ತರ: ಹೌದು, ಫುಫು ಅಂತಾರೆ, ನಮ್ಮ ಮುದ್ದೆ ಥರಾನೇ ಸಾರಲ್ಲಿ ಅದ್ದಿ ಅಗಿಯದೆ ನುಂಗೋದು. ಆದ್ರೆ ಹಿಟ್ಟಲ್ಲ, ಯಾಮ್ ಅನ್ನೋ ಗೆಡ್ಡೆ ಬೇಯಿಸಿ ಮರದ ಒರಳಲ್ಲಿ ಉದ್ದ ಒನಕೇಲಿ ಕುಟ್ಟೋದು, ಒಬ್ಬರು ಕುಟ್ತಿದ್ರೆ ಇನ್ನೊಬ್ಬರು ಕೂತು ಏಟಿನ ಮಧ್ಯೆ ಕೈ ಹಾಕಿ ಮಗಚ್ತಾರೆ. ಜೊತೆಗೆ ಎಣ್ಣೆತಾಳೆ ಹಣ್ಣಿನ ಸಾರು, ಬಸವನಹುಳು, ಹೊಗೇಲಿ ಒಣಗಿಸಿದ ಮೀನು ಬಡಿಸಿ. ಮೆಣಸಿನಕಾಯಿ, ಕಡ್ಲೆಕಾಯಿ, ಮುಸುಕಿನ ಜೋಳ ಎಲ್ಲಾ ಅಮೆರಿಕದಿಂದ ಬಂದಿದ್ದು, ಆದ್ರೂ 1800ರ ಹೊತ್ತಿಗೆ ಆ ಕಡೆ ತಲುಪಿದ್ವು, ತೊಂದರೆ ಇಲ್ಲ. ಕೋಕೋ ತೋಟ ಮಾತ್ರ ದಯವಿಟ್ಟು ಹಾಕಬೇಡಿ, ಘಾನಾ ಅಂದ ತಕ್ಷಣ ಎಲ್ರೂ ಅದನ್ನೇ ಬರೀತಾರೆ, ಟೆಟೆ ಕ್ವಾಶಿ ಅನ್ನೋರು ಫರ್ನಾಂಡೊ ಪೋ ದ್ವೀಪದಿಂದ ಕೋಕೋ ಬೀಜ ತಂದು ನೆಟ್ಟಿದ್ದೇ 1879ರ ಹೊತ್ತಿಗೆ.