ಎಂ.ಎ. ಪ್ರಬಂಧಕ್ಕೆ ಎಷ್ಟು ಮಂದಿಯ ಸರ್ವೆ ಮಾಡಿದರೆ ಸಾಕು?

ಹಳ್ಳಿ ಹೆಂಗಸರ ದುಡಿಮೆ ಬಗ್ಗೆ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪಿಗೆ ಬಿಟ್ಟು 384 ಉತ್ತರ ತುಂಬಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಾನೂ ಹೀಗೇ ಸಂಖ್ಯೆಯ ಬೆನ್ನು ಹತ್ತಿದವನು.

ಧಾರವಾಡದಲ್ಲಿ ಓದುವಾಗ ನನ್ನದೂ ಇದೇ ವಿಷಯ, ಊರು ಬ್ಯಾಡಗಿ ಸುತ್ತಮುತ್ತ. ಇಂಗ್ಲಿಷ್ ಪುಸ್ತಕದ ಪ್ರಶ್ನೆಗಳನ್ನು ಹಾಸ್ಟೆಲ್ ರೂಮಿನಲ್ಲಿ ಕುಂತು ಕನ್ನಡಕ್ಕೆ ತಂದೆ. ಗೆಳೆಯರಿಗೆ ಓದಿಸಿದೆ, ಅವರಿಗೆ ಅರ್ಥವಾಯಿತು, ಅದನ್ನೇ ಪೈಲಟ್ (ಸರ್ವೆಗೆ ಮುಂಚೆ ಪ್ರಶ್ನೆಗಳನ್ನು ಪರೀಕ್ಷಿಸಿ ನೋಡುವುದು) ಅಂತ ಬರೆದುಕೊಂಡೆ. ನಾಲ್ಕನೇ ಪ್ರಶ್ನೆ, 'ನೀವು ಯಾವುದಾದರೂ ಉದ್ಯೋಗದಲ್ಲಿ ಇದ್ದೀರಾ?'

ಅಲ್ಲೇ ಕೆಟ್ಟಿತು. ಉದ್ಯೋಗ ಅಂದರೆ ಆ ಹೆಂಗಸರಿಗೆ ಒಂದೋ ಸರ್ಕಾರಿ ನೌಕರಿ, ಇಲ್ಲಾ ಉದ್ಯೋಗ ಖಾತ್ರಿ. 'ಖಾತ್ರಿ ಕೆಲಸ ಈಗ ಬಂದ್ ಐತ್ರಿ, ನಾ ಏನೂ ಮಾಡಂಗಿಲ್ರಿ, ಮನ್ಯಾಗ ಇರ್ತೀನಿ' ಅಂತ ಒಬ್ಬಾಕೆ ಹೇಳಿದಳು. ಹೇಳುವಾಗ ಎದುರಿಗೆ ಚೀಲ ಸುರುವಿಕೊಂಡು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು, ಕಿಲೋ ಲೆಕ್ಕದ ಕೂಲಿಗೆ. ತೊಟ್ಟು ನನ್ನ ಫಾರ್ಮಿನ ಮೇಲೇ ಬೀಳುತ್ತಿತ್ತು, ನಾನು ಸೀನುತ್ತಾ 'ಇಲ್ಲ' ಅಂತ ಟಿಕ್ ಹಾಕುತ್ತಿದ್ದೆ! (ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೆ ಹೆಸರು ಅಂತಾರೆ, ನನ್ನ ಮೂಗಿಗೆ ಅದು ಗೊತ್ತಿರಲಿಲ್ಲ.) ಹೀಗೆ 240 ಫಾರ್ಮ್. ಮುಕ್ಕಾಲು ಪಾಲು ಹೆಂಗಸರು ಕೆಲಸವೇ ಇಲ್ಲದವರು ಅಂತ ಕೋಷ್ಟಕ ಬಂತು, ಗೈಡ್ ನೋಡಿ, 'ಹಂಗಾದ್ರ ಅಷ್ಟೂ ಮೆಣಸಿನಕಾಯಿ ತೊಟ್ಟು ಗಂಡಸ್ರು ಮುರೀತಾರೇನಪಾ?' ಅಂದರು. ಒಂದು ಸೀಸನ್ ಹೋಯಿತು. ಮತ್ತೆ ಮೊದಲಿನಿಂದ ಶುರು.

ಎರಡನೇ ಸಲ 'ನಿನ್ನೆ ನಸುಕಿನಲ್ಲಿ ಎದ್ದಾಗಿನಿಂದ ಏನೇನು ಮಾಡಿದಿರಿ?' ಅಂತಷ್ಟೇ ಕೇಳಿದೆ. ಎಲ್ಲ ಹೊರಬಂತು. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡಿದಾಗಲೂ ಬೆಳಗಿನ 4ರಿಂದ ಮರುದಿನ 4ರವರೆಗೆ ಹೀಗೇ ದಿನದ ಲೆಕ್ಕ ಹಿಡಿದರು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ, ಬೇಜಾರಾಗಬೇಡಿ. 384 ಎಂಬುದು ದೊಡ್ಡ ಜನಸಂಖ್ಯೆಯಿಂದ ಚೀಟಿ ಎತ್ತಿದ ಹಾಗೆ ಆರಿಸಿದಾಗ, ಶೇ. 95 ವಿಶ್ವಾಸ, ಶೇ. 5 ತಪ್ಪು (ಅಂದರೆ ನೂರು ಸಲ ಸರ್ವೆ ಮಾಡಿದರೆ ಸುಮಾರು 95 ಸಲ ಉತ್ತರ ನಿಜದಿಂದ ಶೇ. 5ರಷ್ಟು ಆಚೀಚೆಯೊಳಗೇ ಇರಬೇಕು ಅಂತ) ಇಟ್ಟುಕೊಂಡು ಬರುವ ಲೆಕ್ಕ. ವಾಟ್ಸಾಪ್ ಗ್ರೂಪು ಚೀಟಿ ಡಬ್ಬಿ ಅಲ್ಲ, ಅಲ್ವಾ? ತೊಟ್ಟು ಮುರಿಯುವಾಕೆ ಆ ಗ್ರೂಪಿನಲ್ಲಿ ಇರುವುದೂ ಇಲ್ಲ. ಮೊದಲ ಐದಾರು ಮನೆಗೆ ಫಾರ್ಮ್ ಒಯ್ಯದೆ ಸುಮ್ನೆ ಹೋಗಿ ಕುಂತು ಮಾತಾಡಿ, ಅವರು ಬಳಸುವ ಮಾತನ್ನೇ ಪ್ರಶ್ನೆಗೆ ಹಾಕಿ. ಗಂಡ ಕಟ್ಟೆ ಮೇಲೆ ಇದ್ದರೆ ಹೆಂಡತಿಯ ಉತ್ತರವನ್ನೂ ಅವನೇ ಕೊಡುತ್ತಾನೆ, ಅವನು ಹೊಲಕ್ಕೆ ಹೋದ ಹೊತ್ತು ನೋಡಿ ಹೋಗಿ.